ಕಣ್ಣಿಗೆ ಬರೆಯುವ ಸುದ್ದಿ, ಕಿವಿಗೆ ಬರೆಯುವ ಸುದ್ದಿ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯ ಅದು, ಮಾರಿಕಣಿವೆ ಎಂದೂ ಕರೆಯುತ್ತಾರೆ. ಅದಕ್ಕೂ ಮೊದಲು ಹೀಗೆ ತುಂಬಿ ಹರಿದಿದ್ದು ಒಂದೇ ಸಲ, 1933ರಲ್ಲಿ. ಬರ ನೋಡಿ ನೋಡಿ ಬೇಸತ್ತ ಚಿತ್ರದುರ್ಗ ಜಿಲ್ಲೆಯ ಜನಕ್ಕೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನು ಬೇಕು?

ಈ ಸುದ್ದಿಯನ್ನು ನೀವು ಮೂರು ಕಡೆಗೆ ಬರೆಯಬೇಕು ಅಂದುಕೊಳ್ಳಿ. ಒಂದು ಪತ್ರಿಕೆಗೆ, ಒಂದು ರೇಡಿಯೋಗೆ, ಒಂದು ಟಿವಿಗೆ. ಪತ್ರಿಕೆಗೆ ಹೀಗೆ ಬರೆಯಬಹುದು:

"ಹಿರಿಯೂರು: ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಭರ್ತಿಯಾಗಿದ್ದು, ಕೋಡಿಯಲ್ಲಿ ನೀರು ಹರಿಯುತ್ತಿದೆ. ನೀರಿನ ಮಟ್ಟ 130 ಅಡಿ ದಾಟಿದೆ."

ರೇಡಿಯೋಗೆ ಹೀಗೆ:

"ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿದೆ. ಕೋಡಿಯಲ್ಲಿ ನೀರು ಹರಿಯುತ್ತಿದೆ. ಈ ಜಲಾಶಯ ಇದಕ್ಕೆ ಮೊದಲು ತುಂಬಿದ್ದು ಎಂಬತ್ತೊಂಬತ್ತು ವರ್ಷಗಳ ಹಿಂದೆ."

ಟಿವಿಯಲ್ಲಿ ಕೋಡಿಯ ದೃಶ್ಯ ಪರದೆಯ ಮೇಲೆ ಇದ್ದೇ ಇರುತ್ತದೆ. ಅಲ್ಲಿ ಇಷ್ಟು ಸಾಕು:

"ಮಾರಿಕಣಿವೆಯಲ್ಲಿ ಈ ನೋಟ ಹಿಂದೆ ಕಂಡಿದ್ದು 1933ರಲ್ಲಿ."

ಆಮೇಲೆ ಕೆಲವು ಸೆಕೆಂಡು ಸುಮ್ಮನಿದ್ದು, ನೀರಿನ ಸದ್ದನ್ನೇ ಕೇಳಿಸಬೇಕು.

ಮೂರರಲ್ಲೂ ಇರುವುದು ಅದೇ ಸಂಗತಿ, ಆದರೆ ವಾಕ್ಯದ ಕಟ್ಟು ಬೇರೆ. ಯಾಕೆಂದರೆ ಪೇಪರ್ ಓದುವವರಿಗೆ ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದುತ್ತದೆ. ಹೊಲದಲ್ಲಿ ಕಳೆ ತೆಗೆಯುತ್ತಾ ರೇಡಿಯೋ ಕೇಳುವವರಿಗೆ ಆ ಅನುಕೂಲ ಇಲ್ಲ. ಒಂದು ಸಲ ಕಿವಿಗೆ ಬಿದ್ದದ್ದೇ ಕೊನೆ. ಸುದ್ದಿ ಬರೆಯಲು ಕಲಿಯುವವರು ಮೊದಲು ಹಿಡಿಯಬೇಕಾದದ್ದು ಇದನ್ನು. ಉಳಿದ ನಿಯಮಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಮೊದಲ ಸಾಲು

ಪತ್ರಿಕೆಯಲ್ಲಿ ಸುದ್ದಿಯ ಮೊದಲ ಪ್ಯಾರಾವನ್ನು ಇಂಟ್ರೋ ಅಥವಾ ಲೀಡ್ ಅನ್ನುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಸುದ್ದಿ ಉತ್ತರ ಕೊಡಬೇಕು ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ಅದು ಸರಿ. ಆದರೆ ಆರನ್ನೂ ಇಂಟ್ರೋದಲ್ಲೇ ತುರುಕಬೇಕು ಅಂತ ಯಾರೂ ಹೇಳಿಲ್ಲ. ವಾಣಿವಿಲಾಸ ಸಾಗರದ ಸುದ್ದಿಯಲ್ಲಿ 'ಏನು' ಮತ್ತು 'ಎಲ್ಲಿ' ಮೊದಲು ಬರಬೇಕು. 'ಏಕೆ' ಎರಡನೇ ಪ್ಯಾರಾಗೆ ಹೋಗಲಿ: ಆ ವರ್ಷದ ಜೋರು ಮಳೆ, ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಲ್ಲಿ ಬಂದ ಭದ್ರಾ ನೀರು. 'ಯಾರು' ಎಂಬ ಪ್ರಶ್ನೆಗೆ ಅವತ್ತು ಕೆಲಸವೇ ಇಲ್ಲ. ಬಾಗಿನ ಕೊಡಲು ಮಂತ್ರಿಗಳು ಬಂದ ದಿನ ಅದಕ್ಕೆ ಕೆಲಸ.

ಇಂಟ್ರೋದ ಕೆಳಗೆ ಮುಖ್ಯವಾದದ್ದು, ಅದರ ಕೆಳಗೆ ಅದಕ್ಕಿಂತ ಕಡಿಮೆ ಮುಖ್ಯವಾದದ್ದು, ಹೀಗೆ ಇಳಿಯುತ್ತಾ ಹೋಗುವ ಕ್ರಮಕ್ಕೆ ತಲೆಕೆಳಗಾದ ಪಿರಮಿಡ್ ಎಂದು ಹೆಸರು. ಇದರ ಹಿಂದೆ ಒಂದು ಪ್ರಾಯೋಗಿಕ ಕಾರಣ ಇದೆ. ರಾತ್ರಿ ಜಿಲ್ಲಾ ಪುಟ ಕಟ್ಟುವಾಗ ಒಂದು ಜಾಹೀರಾತು ತಡವಾಗಿ ಬರುತ್ತದೆ. ಡೆಸ್ಕಿನಲ್ಲಿ ಕೂತ ಉಪಸಂಪಾದಕರು ಕೊನೆಯ ಎರಡು ಪ್ಯಾರಾ ತೆಗೆಯುತ್ತಾರೆ. ಇಡೀ ಸುದ್ದಿಯನ್ನು ಮತ್ತೆ ಓದಿ ತಿದ್ದಲು ಅವರಿಗೆ ಆಗ ಪುರುಸೊತ್ತು ಇರುವುದಿಲ್ಲ. ಮುಖ್ಯ ವಿಷಯವನ್ನು ನೀವು ಕೊನೆಗೆ ಇಟ್ಟಿದ್ದರೆ ಅದೇ ಹೋಗುತ್ತದೆ. ಮೂರು ಗಂಟೆ ಬಿಸಿಲಲ್ಲಿ ನಿಂತು ತಂದ ಮಾಹಿತಿ ಹಾಗೆ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ನಮ್ಮ ಕಡೆಯ ಎಷ್ಟೋ ಸುದ್ದಿಗಳು ಇಂಟ್ರೋದಲ್ಲೇ ಸೋಲುತ್ತವೆ. "ನಗರದ ಇಂಥ ಭವನದಲ್ಲಿ ಭಾನುವಾರ ಬೆಳಿಗ್ಗೆ ಇಂಥ ಸಂಘದ ಆಶ್ರಯದಲ್ಲಿ ಏರ್ಪಡಿಸಿದ್ದ ಇಂಥ ಕಾರ್ಯಕ್ರಮವನ್ನು ಉದ್ಘಾಟಿಸಿ ಅವರು ಮಾತನಾಡಿದರು" ಎಂದು ಶುರುವಾಗುತ್ತದೆ. ಅವರು ಏನು ಮಾತನಾಡಿದರು ಎಂಬುದು ನಾಲ್ಕನೇ ಪ್ಯಾರಾದಲ್ಲಿ ಸಿಗುತ್ತದೆ. ಭವನ, ಬೆಳಿಗ್ಗೆ, ಆಶ್ರಯ ಎಲ್ಲವೂ ಬೇಕು, ಆದರೆ ಕೊನೆಯಲ್ಲಿ. ಆ ಭಾಷಣದಲ್ಲಿ ಸುದ್ದಿ ಆಗುವ ಒಂದು ಮಾತು ಇದ್ದರೆ ಅದನ್ನು ಮೊದಲು ತನ್ನಿ. ಅಂಥ ಮಾತು ಒಂದೂ ಇಲ್ಲದಿದ್ದರೆ ಅದು ಸಿಂಗಲ್ ಕಾಲಂನಲ್ಲಿ ನಾಲ್ಕು ಸಾಲಿನ ಸುದ್ದಿ. ಅಷ್ಟಕ್ಕೇ ಬಿಡಿ.

ಹಿನ್ನೆಲೆಯೂ ಸುದ್ದಿಯ ಭಾಗವೇ. 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಾಗ '89 ವರ್ಷ' ಎಂಬ ಮಾತು ಹಳೆಯದಾಗಿತ್ತು. ಆಗ ಓದುಗರಿಗೆ ಬೇಕಿದ್ದದ್ದು 'ಇತಿಹಾಸದಲ್ಲಿ ಮೂರನೇ ಸಲ, ಎರಡೂವರೆ ವರ್ಷದೊಳಗೆ ಎರಡನೇ ಸಲ' ಎಂಬ ಮಾಹಿತಿ. ಒಂದು ಕಾಲದಲ್ಲಿ ಕಥೆಯಂತೆ ಕೇಳುತ್ತಿದ್ದದ್ದು ಈಗ ಮತ್ತೆ ಮತ್ತೆ ಆಗುತ್ತಿದೆ ಅಂದರೆ ಏನೋ ಬದಲಾಗಿದೆ. ಆ ಬದಲಾವಣೆಯನ್ನು ಹಿಡಿಯಬೇಕಾದರೆ ವರದಿಗಾರರ ಹತ್ತಿರ ಹಳೆಯ ಇಸವಿಗಳು ಇರಬೇಕು. ಒಂದು ನೋಟ್‌ಬುಕ್ಕಿನಲ್ಲಿ ಜಿಲ್ಲೆಯ ಇಂಥ ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹರಪನಹಳ್ಳಿ ತಾಲ್ಲೂಕು ಆಗ ದಾವಣಗೆರೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಅಂಕಿಅಂಶವನ್ನು ಹೊಸದರ ಪಕ್ಕ ಇಡುವಾಗ ಇದು ಗೊತ್ತಿಲ್ಲದಿದ್ದರೆ ಜಿಲ್ಲೆಯ ಬೆಳೆ ಪ್ರದೇಶ ದಿಢೀರನೆ ಕುಸಿದಂತೆ ಕಾಣುತ್ತದೆ.

ಕ್ರಿಯಾಪದಕ್ಕೆ ಕಾಯುವ ಕಿವಿ

ಈಗ ರೇಡಿಯೋ ಮತ್ತು ಟಿವಿ. ಇಲ್ಲಿ ಕನ್ನಡಕ್ಕೇ ಇರುವ ಒಂದು ಕಷ್ಟವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಂಗ್ಲಿಷಿನಿಂದ ಬಂದ ಪಠ್ಯಗಳಲ್ಲಿ ಇದು ಸಿಗುವುದಿಲ್ಲ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಎಂಬುದು ಗೊತ್ತಾಗುವುದು ವಾಕ್ಯ ಮುಗಿದಾಗಲೇ. ವಾಕ್ಯ ಚಿಕ್ಕದಿದ್ದರೆ ತೊಂದರೆ ಇಲ್ಲ. ಆದರೆ ಪತ್ರಿಕೆಯ ಕನ್ನಡಕ್ಕೆ ಒಂದು ಚಟ ಇದೆ. "ಆಗಿದ್ದು", "ತಿಳಿಸಿದ್ದು", "ಕೈಗೊಂಡಿದ್ದು" ಎಂದು ಒಂದಕ್ಕೊಂದು ಗಂಟು ಹಾಕುತ್ತಾ ಹೋಗುತ್ತದೆ. "ಸ್ಥಳಕ್ಕೆ ಪೊಲೀಸರು ಭೇಟಿ ನೀಡಿದ್ದು, ಪರಿಶೀಲನೆ ನಡೆಸಿದ್ದು, ಗಾಯಾಳುಗಳನ್ನು ಆಸ್ಪತ್ರೆಗೆ ದಾಖಲಿಸಲಾಗಿದ್ದು, ಪ್ರಕರಣ ದಾಖಲಾಗಿದೆ." ಕಣ್ಣು ಇದನ್ನು ಹೇಗೋ ದಾಟುತ್ತದೆ. ಕಿವಿಗೆ ದಾಟಲು ಆಗುವುದಿಲ್ಲ. ಪ್ರತಿ 'ದ್ದು' ಬಂದಾಗಲೂ ಕೇಳುವವರು ಮುಂದಿನದಕ್ಕೆ ಕಾಯುತ್ತಾರೆ, ಹಿಂದಿನದು ಮರೆಯುತ್ತದೆ. ಇದಕ್ಕೆ ಮದ್ದು ಸುಲಭ. ಒಂದು ವಾಕ್ಯಕ್ಕೆ ಒಂದು ಸಂಗತಿ. 'ದ್ದು' ಬಂದ ಕಡೆ 'ದ್ದಾರೆ' ಮಾಡಿ ನಿಲ್ಲಿಸಿ. "ಗಾಯಗೊಂಡವರು ಆಸ್ಪತ್ರೆಯಲ್ಲಿದ್ದಾರೆ. ಪೊಲೀಸರು ಕೇಸು ದಾಖಲಿಸಿಕೊಂಡಿದ್ದಾರೆ." ಮುಗಿಯಿತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಯಾರು ಹೇಳಿದರು ಎಂಬುದೂ ನಮ್ಮ ವಾಕ್ಯದಲ್ಲಿ ಕೊನೆಗೇ ಬರುತ್ತದೆ. ಈ ಸಾಲನ್ನು ಜೋರಾಗಿ ಓದಿ ನೋಡಿ:

"ಕಾಮಗಾರಿಯಲ್ಲಿ ಕೋಟ್ಯಂತರ ರೂಪಾಯಿ ಅವ್ಯವಹಾರ ನಡೆದಿದೆ, ಅಧಿಕಾರಿಗಳೇ ಇದಕ್ಕೆ ನೇರ ಹೊಣೆ, ಅವರನ್ನು ಕೂಡಲೇ ಅಮಾನತು ಮಾಡಬೇಕು ಎಂದು ವಿರೋಧ ಪಕ್ಷದ ಸದಸ್ಯರು ಆಗ್ರಹಿಸಿದರು."

ಪತ್ರಿಕೆಯಲ್ಲಿ ಇದು ನಡೆಯುತ್ತದೆ. ಉದ್ಧರಣ ಚಿಹ್ನೆ ಕಾಣುತ್ತದೆ, ವಾಕ್ಯದ ಕೊನೆ ಅಲ್ಲೇ ಕೆಳಗೆ ಇದೆ. ರೇಡಿಯೋದಲ್ಲಿ ಉದ್ಧರಣ ಚಿಹ್ನೆ ಕೇಳಿಸುವುದಿಲ್ಲ. ಸುದ್ದಿ ಓದುವವರ ಬಾಯಿಂದ 'ಅವ್ಯವಹಾರ ನಡೆದಿದೆ' ಎಂದು ಬಂದಾಗ, ಅದು ಆಕಾಶವಾಣಿಯೇ ಹೇಳಿದ ಮಾತು ಎಂದು ಕೇಳುವವರು ತಿಳಿಯುತ್ತಾರೆ. ಅಷ್ಟರಲ್ಲಿ ಕುಕ್ಕರ್ ಕೂಗಿ ಕೊನೆಯ ಭಾಗ ಕೇಳಿಸದಿದ್ದರೆ ಆರೋಪವೇ ಸತ್ಯವಾಗಿ ಉಳಿಯುತ್ತದೆ. ಒಬ್ಬ ಅಧಿಕಾರಿಯ ಮಾನ ಹೋಗಲು ಅಷ್ಟು ಸಾಕು.

ಹಾಗಾಗಿ ಕಿವಿಗೆ ಬರೆಯುವಾಗ ಹೇಳಿದವರು ಮೊದಲು ಬರಬೇಕು. "ವಿರೋಧ ಪಕ್ಷದ ಸದಸ್ಯರು ಕಾಮಗಾರಿಯಲ್ಲಿ ಅವ್ಯವಹಾರ ನಡೆದಿದೆ ಎಂದು ಆರೋಪಿಸಿದ್ದಾರೆ. ಅಧಿಕಾರಿಗಳನ್ನು ಅಮಾನತು ಮಾಡಬೇಕು ಎಂಬುದು ಅವರ ಬೇಡಿಕೆ. ಅಧಿಕಾರಿಗಳು ಈ ಆರೋಪವನ್ನು ತಳ್ಳಿಹಾಕಿದ್ದಾರೆ." ಮೊದಲ ಪದದಲ್ಲೇ ಇದು ಯಾರ ಮಾತು ಎಂದು ಗೊತ್ತಾಯಿತು. ಮೂರನೇ ವಾಕ್ಯ ಬರೆಯಬೇಕಾದರೆ ಅಧಿಕಾರಿಗಳಿಗೆ ಫೋನ್ ಮಾಡಿ ಕೇಳಿರಬೇಕು. ಕೇಳದೆ ಬರೆಯುವ ಹಾಗಿಲ್ಲ.

'ಎನ್ನಲಾಗಿದೆ' ಎಂದು ಬರೆದು ಪಾರಾಗುವ ಅಭ್ಯಾಸವನ್ನೂ ಬಿಡಬೇಕು. ಯಾರು ಅಂದದ್ದು? ಪೊಲೀಸರೋ, ಅಕ್ಕಪಕ್ಕದವರೋ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದೋ? ಮೂಲ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಅದು ಇನ್ನೂ ಸುದ್ದಿ ಆಗಿಲ್ಲ.

ರೇಡಿಯೋ ಸುದ್ದಿಯ ಬಗ್ಗೆ ಇನ್ನೊಂದು ಮಾತು, ಹೊಸಬರು ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಮತ್ತು ಸಮುದಾಯ ಬಾನುಲಿಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಬುಲೆಟಿನ್ ಅನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೇ. ಆದರೆ ಹವಾಮಾನ, ಸಂಚಾರ, ಪರೀಕ್ಷೆ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ಕೊಡುವ ನೀರು, ಕರೆಂಟು, ಆರೋಗ್ಯದ ಸೂಚನೆಗಳನ್ನು ಹೇಳಬಹುದು. ಊರಿನ ಜನಕ್ಕೆ ದಿನಾ ಬೇಕಾಗುವುದು ಹೆಚ್ಚಾಗಿ ಇಂಥ ಮಾಹಿತಿಯೇ. ಅದನ್ನು ಕಿವಿಗೆ ನಾಟುವಂತೆ ಬರೆಯುವವರು ಬೇಕಾಗಿದ್ದಾರೆ.

ಒಂದು ಪ್ರೆಸ್ ನೋಟ್ ಸುದ್ದಿ ಆಗುವ ಬಗೆ

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. ದಾವಣಗೆರೆಯಲ್ಲಿ ನಿಮ್ಮ ಕೈಗೆ ಇಂಥದ್ದೊಂದು ಪ್ರೆಸ್ ನೋಟ್ ಬಂದಿದೆ ಅಂದುಕೊಳ್ಳಿ:

"ಸಾರ್ವಜನಿಕರ ಗಮನಕ್ಕೆ ತರಬಯಸುವುದೇನೆಂದರೆ, ನೀರು ಸರಬರಾಜು ಮುಖ್ಯ ಕೊಳವೆ ಮಾರ್ಗದ ತುರ್ತು ದುರಸ್ತಿ ಕಾಮಗಾರಿಯನ್ನು ಕೈಗೊಳ್ಳಬೇಕಾಗಿರುವುದರಿಂದ ಬುಧವಾರ ಮತ್ತು ಗುರುವಾರದಂದು ನಿಟುವಳ್ಳಿ, ವಿನೋಬನಗರ ಹಾಗೂ ಕೆಟಿಜೆ ನಗರ ವ್ಯಾಪ್ತಿಯಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ."

ಇದನ್ನು ಹಾಗೇ ಹಾಕಿಬಿಟ್ಟರೆ ಅದು ಪ್ರಕಟಣೆ. ಸುದ್ದಿ ಮಾಡಬೇಕಾದರೆ ಮೊದಲು ಓದುಗರ ಜಾಗದಲ್ಲಿ ಕೂತು ಪ್ರಶ್ನೆ ಕೇಳಿ. 'ವ್ಯತ್ಯಯ' ಅಂದರೆ ನೀರು ಬರುವುದೇ ಇಲ್ಲವೋ, ಸ್ವಲ್ಪ ಬರುತ್ತದೋ, ತಡವಾಗಿ ಬರುತ್ತದೋ? ಟ್ಯಾಂಕರ್ ಕಳಿಸುತ್ತಾರಾ? ಎಲ್ಲಿಗೆ? ಶುಕ್ರವಾರ ಎಷ್ಟು ಹೊತ್ತಿಗೆ ಬರುತ್ತದೆ? ನೋಟ್‌ನಲ್ಲಿ ಇದಕ್ಕೆ ಒಂದಕ್ಕೂ ಉತ್ತರ ಇಲ್ಲ. ಅಂದರೆ ಎಂಜಿನಿಯರ್‌ಗೆ ಫೋನ್ ಮಾಡಬೇಕು. ಎರಡು ದಿನವೂ ಪೂರ್ತಿ ನೀರಿಲ್ಲ, ಬೇಕಾದ ಕಡೆ ಟ್ಯಾಂಕರ್ ಕಳಿಸುತ್ತೇವೆ ಎಂದು ಅವರು ಹೇಳಿದರು ಎಂದಿಟ್ಟುಕೊಳ್ಳಿ. ಆಗ ಪತ್ರಿಕೆಯ ಇಂಟ್ರೋ ಹೀಗಾಗುತ್ತದೆ:

"ದಾವಣಗೆರೆ: ನಿಟುವಳ್ಳಿ, ವಿನೋಬನಗರ ಮತ್ತು ಕೆಟಿಜೆ ನಗರದಲ್ಲಿ ಬುಧವಾರ ಮತ್ತು ಗುರುವಾರ ನಲ್ಲಿ ನೀರು ಬರುವುದಿಲ್ಲ."

ನೀರು ಇಲ್ಲ ಎಂಬುದು ಸುದ್ದಿ. ಪೈಪು ದುರಸ್ತಿ ಅದಕ್ಕೆ ಕಾರಣ, ಎರಡನೇ ವಾಕ್ಯಕ್ಕೆ ಹೋಗಲಿ. ಟ್ಯಾಂಕರ್ ವಿಷಯ ಮೂರನೆಯದು. 'ಸಹಕರಿಸಬೇಕಾಗಿ ಕೋರಲಾಗಿದೆ' ಬೇಡವೇ ಬೇಡ.

ರೇಡಿಯೋಗೆ ಇದನ್ನು ಮತ್ತೆ ತಿರುಗಿಸಬೇಕು. ಬಡಾವಣೆಯ ಹೆಸರು ಕೇಳಿದ ಮೇಲೆಯೇ ಕೇಳುವವರ ಕಿವಿ ನೆಟ್ಟಗಾಗುವುದು. ಅಷ್ಟರಲ್ಲಿ ಇನ್ನೆರಡು ಹೆಸರು ತಪ್ಪಿಹೋಗಿರುತ್ತವೆ. ಅದಕ್ಕೇ ಹೀಗೆ:

"ದಾವಣಗೆರೆಯ ಮೂರು ಬಡಾವಣೆಗಳಿಗೆ ನಾಳೆ ಮತ್ತು ನಾಡಿದ್ದು ನಲ್ಲಿ ನೀರು ಬರುವುದಿಲ್ಲ. ನಿಟುವಳ್ಳಿ, ವಿನೋಬನಗರ ಮತ್ತು ಕೆಟಿಜೆ ನಗರದವರು ಗಮನಿಸಿ. ಮುಖ್ಯ ಪೈಪಿನ ದುರಸ್ತಿ ಇದಕ್ಕೆ ಕಾರಣ. ಬೇಕಾದ ಕಡೆ ಟ್ಯಾಂಕರ್ ಕಳಿಸುವುದಾಗಿ ಎಂಜಿನಿಯರ್ ಹೇಳಿದ್ದಾರೆ. ಮತ್ತೊಮ್ಮೆ, ನಾಳೆ ಮತ್ತು ನಾಡಿದ್ದು ನೀರು ಇಲ್ಲದಿರುವುದು ನಿಟುವಳ್ಳಿ, ವಿನೋಬನಗರ ಮತ್ತು ಕೆಟಿಜೆ ನಗರದಲ್ಲಿ."

ಎರಡು ಸಲ ಹೇಳಿದ್ದು ಪತ್ರಿಕೆಯಲ್ಲಿ ದೋಷ, ರೇಡಿಯೋದಲ್ಲಿ ಸೇವೆ. ಪತ್ರಿಕೆ ನಾಳೆಯೂ ಮನೆಯಲ್ಲಿ ಬಿದ್ದಿರುತ್ತದೆ, ಆದ್ದರಿಂದ ಅಲ್ಲಿ 'ಬುಧವಾರ' ಎನ್ನಬೇಕು. ರೇಡಿಯೋ ಈಗ ಮಾತನಾಡುತ್ತಿದೆ, ಅಲ್ಲಿ 'ನಾಳೆ' ಬೇಗ ಮುಟ್ಟುತ್ತದೆ.

ಅಂಕಿಗಳು

ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳ ದೊಡ್ಡ ಸುದ್ದಿ ಅಂಕಿಗಳೇ. ಭದ್ರಾ ಜಲಾಶಯ ಎಷ್ಟು ಅಡಿಗೆ ಬಂತು, ಒಳಹರಿವು ಎಷ್ಟು, ನಾಲೆಗೆ ಎಷ್ಟು ಬಿಟ್ಟರು ಎಂಬುದರ ಮೇಲೆ ದಾವಣಗೆರೆ ಕಡೆಯ ಭತ್ತದ ರೈತರ ವರ್ಷ ನಿಂತಿರುತ್ತದೆ. ಆದರೂ 'ಜಲಾಶಯದ ಮಟ್ಟ 172 ಅಡಿ' ಎಂದು ಬರೆದು ಬಿಟ್ಟರೆ ಅದು ಅರ್ಧ ಮಾಹಿತಿ. ಪೂರ್ತಿ ಮಟ್ಟ 186 ಅಡಿ ಎಂದು ಪಕ್ಕದಲ್ಲೇ ಇರಬೇಕು. ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬುದೂ ಇದ್ದರೆ ಓದುಗರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಟಿಎಂಸಿ, ಕ್ಯೂಸೆಕ್ ಎಂಬ ಅಳತೆಗಳನ್ನು ದಿನಾ ಬಳಸುವವರೂ ಬಿಡಿಸಿ ಹೇಳುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಲೀಟರ್ ಲೆಕ್ಕದಲ್ಲಿ 28ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಂಡ ವರದಿಗಾರರು 'ಹೀಗೇ ಹರಿದರೆ ಇನ್ನು ಎಷ್ಟು ದಿನಕ್ಕೆ ಡ್ಯಾಂ ತುಂಬುತ್ತದೆ' ಎಂದು ಅಧಿಕಾರಿಗಳನ್ನು ಸರಿಯಾಗಿ ಪ್ರಶ್ನಿಸಬಲ್ಲರು. ಉತ್ತರ ಬಂದಾಗ ಅದು ಹೊಂದುತ್ತದೋ ಇಲ್ಲವೋ ಎಂದು ಅಲ್ಲೇ ನೋಡಬಲ್ಲರು.

ಮೆಕ್ಕೆಜೋಳದ ಬೆಲೆಗೂ ಇದೇ ಮಾತು. 'ದರ ಕುಸಿತ, ರೈತರು ಕಂಗಾಲು' ಎಂದು ಹೆಡ್ಡಿಂಗ್ ಕೊಡುವುದು ಸುಲಭ. ಎಷ್ಟಕ್ಕೆ ಕುಸಿಯಿತು, ಬೆಂಬಲ ಬೆಲೆ ಎಷ್ಟಿದೆ, ಖರೀದಿ ಕೇಂದ್ರ ತೆರೆದಿದೆಯೋ ಇಲ್ಲವೋ ಎಂಬುದು ಬೇಕು. 2025-26ರ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಎಪಿಎಂಸಿಯ ಅವತ್ತಿನ ದರವನ್ನು ಅದರ ಪಕ್ಕ ಇಟ್ಟರೆ 'ಕಂಗಾಲು' ಎಂಬ ಪದವೇ ಬೇಕಾಗುವುದಿಲ್ಲ.

ಕಿವಿಗೆ ಓದುವಾಗ ಅಂಕಿಗಳನ್ನು ಸಡಿಲ ಮಾಡಬೇಕು. ಪತ್ರಿಕೆಯಲ್ಲಿ 1,24,560 ಕ್ವಿಂಟಲ್ ಎಂದಿದ್ದದ್ದು ರೇಡಿಯೋದಲ್ಲಿ 'ಸುಮಾರು ಒಂದೂಕಾಲು ಲಕ್ಷ ಕ್ವಿಂಟಲ್' ಆಗಲಿ. ಸತ್ತವರ ಸಂಖ್ಯೆ, ಚುನಾವಣೆಯ ಅಂತರ, ಪರೀಕ್ಷೆಯ ದಿನಾಂಕಗಳನ್ನು ಮಾತ್ರ ಎಂದೂ ಸಡಿಲಿಸಬಾರದು.

ದನಿ

ಬರೆದ ಮೇಲೆ ಓದಬೇಕು. ಓದುವ ಮೊದಲು ಸ್ಕ್ರಿಪ್ಟ್ ಮೇಲೆ ಪೆನ್ಸಿಲ್ ಆಡಿಸಬೇಕು. ಉಸಿರು ತೆಗೆದುಕೊಳ್ಳುವ ಕಡೆ ಒಂದು ಗೆರೆ, ನಿಲ್ಲುವ ಕಡೆ ಎರಡು:

"ಭದ್ರಾ ಜಲಾಶಯದಿಂದ / ಬಲದಂಡೆ ನಾಲೆಗೆ / ನಾಳೆಯಿಂದ ನೀರು ಬಿಡಲಾಗುತ್ತದೆ //"

ಇಲ್ಲಿ ಯಾವ ಪದದ ಮೇಲೆ ಒತ್ತು ಕೊಡುತ್ತೀರಿ ಎಂಬುದರ ಮೇಲೆ ಸುದ್ದಿಯೇ ಬದಲಾಗುತ್ತದೆ. 'ಬಲದಂಡೆ'ಗೆ ಒತ್ತು ಕೊಟ್ಟರೆ ಎಡದಂಡೆಗೆ ಇಲ್ಲವೇನೋ ಎಂಬ ಅನುಮಾನ ಬರುತ್ತದೆ. 'ನಾಳೆಯಿಂದ'ಕ್ಕೆ ಕೊಟ್ಟರೆ ಗದ್ದೆ ಹದ ಮಾಡುವವರಿಗೆ ಬೇಕಾದ ಮಾಹಿತಿ ನೇರವಾಗಿ ಸಿಗುತ್ತದೆ. ಹೊಸಬರು ಎಲ್ಲಾ ಪದಕ್ಕೂ ಒತ್ತು ಕೊಡುತ್ತಾರೆ. ಎಲ್ಲಕ್ಕೂ ಕೊಟ್ಟರೆ ಯಾವುದಕ್ಕೂ ಕೊಡದ ಹಾಗೆಯೇ.

ಉಚ್ಚಾರದ ಬಗ್ಗೆ ನಮ್ಮ ಹುಡುಗ ಹುಡುಗಿಯರು ಜಾಸ್ತಿ ಹೆದರುತ್ತಾರೆ. 'ಹ' ಮತ್ತು 'ಅ', 'ಶ' ಮತ್ತು 'ಸ', 'ಳ' ಮತ್ತು 'ಲ' ಬೇರೆ ಬೇರೆಯಾಗಿ ಕೇಳಿಸಬೇಕು. 'ಹೊಳಲ್ಕೆರೆ'ಯಲ್ಲೇ 'ಹ', 'ಳ', 'ಲ' ಮೂರೂ ಇವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಾ? ಮೊಳಕಾಲ್ಮುರು, ನಾಯಕನಹಟ್ಟಿ, ಸಂತೇಬೆನ್ನೂರು, ಜಗಳೂರು, ನ್ಯಾಮತಿ ಎಂದು ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಊರುಗಳನ್ನು ಜೋರಾಗಿ ಓದಿ. ಆ ಊರಿನವರು ತಮ್ಮೂರಿನ ಹೆಸರನ್ನು ಹೇಗೆ ಹೇಳುತ್ತಾರೋ ಕೇಳಿ ತಿಳಿದುಕೊಳ್ಳಿ. ಆದರೆ ನಿಮ್ಮ ಊರಿನ ರಾಗವನ್ನು ಪೂರ್ತಿ ಅಳಿಸಿ ಬೆಂಗಳೂರಿನ ಚಾನೆಲ್ಲಿನ ಕೂಗುವ ದನಿ ಅಂಟಿಸಿಕೊಳ್ಳಬೇಡಿ. ಸುದ್ದಿ ಸ್ಪಷ್ಟವಾಗಿ ಕೇಳಬೇಕು, ಅಷ್ಟು ಸಾಕು. ಕೂಗಿದರೆ ಸುದ್ದಿ ದೊಡ್ಡದಾಗುವುದಿಲ್ಲ.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಸೆಕೆಂಡಿಗೆ ಮೂರು ಪದ ಎಂದು ಹಿಡಿದು ಸುದ್ದಿಯ ಉದ್ದ ಅಳೆಯುತ್ತಾರೆ. ಕನ್ನಡಕ್ಕೆ ಇದು ಆಗಿಬರುವುದಿಲ್ಲ. ಮೇಲಿನ ಪ್ರೆಸ್ ನೋಟ್‌ನ 'ಕೈಗೊಳ್ಳಬೇಕಾಗಿರುವುದರಿಂದ' ಎಂಬುದು ಲೆಕ್ಕಕ್ಕೆ ಒಂದೇ ಪದ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಓದಿ, ನಿಮ್ಮ ದನಿಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಸಾಲು ಆಗುತ್ತದೆ ಎಂದು ನೀವೇ ಅಳೆದುಕೊಳ್ಳಿ.

ಕ್ಯಾಮೆರಾ ಎದುರು

ಟಿವಿಯಲ್ಲಿ ವರದಿ ಅಂದರೆ ದೃಶ್ಯ, ಅದರ ಮೇಲೆ ಓದುವ ವಾಯ್ಸ್ ಓವರ್, ಸಂಬಂಧಪಟ್ಟವರ ಮಾತಿನ ತುಣುಕು ಅಂದರೆ ಬೈಟ್, ವರದಿಗಾರರು ಕ್ಯಾಮೆರಾ ನೋಡಿ ಮಾತನಾಡುವ ಪಿಟಿಸಿ. ದೃಶ್ಯದಲ್ಲಿ ಕಾಣುವುದನ್ನೇ ಮತ್ತೆ ಹೇಳಬಾರದು. ಕಾಣದಿರುವುದನ್ನು ಹೇಳಬೇಕು. ರಸ್ತೆಯಲ್ಲಿ ಗುಂಡಿ ಕಾಣುತ್ತಿದೆ, ಅದನ್ನು 'ನೋಡಿ ಗುಂಡಿ' ಎಂದು ತೋರಿಸುವ ಬದಲು ಆ ರಸ್ತೆಗೆ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆಯಲ್ಲಿ ನಿರ್ವಹಣೆ ಎಷ್ಟು ವರ್ಷ ಎಂದು ಹೇಳಿ. ಬೈಟ್‌ನಲ್ಲಿ ಮಾಹಿತಿಗಿಂತ ಅನುಭವ ಇರಲಿ. ಅಂಕಿಅಂಶ ನೀವು ಹೇಳಬಹುದು, ಕಷ್ಟವನ್ನು ಪಟ್ಟವರೇ ಹೇಳಬೇಕು.

ಲೈವ್‌ನಲ್ಲಿ ನಿಂತಾಗ ಒತ್ತಡ ಜಾಸ್ತಿ. ಸ್ಟುಡಿಯೋದಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಹೊಸದೇನೂ ಇಲ್ಲದಾಗ ಊಹೆ ಹೇಳಿಬಿಡುವ ಆಸೆ ಹುಟ್ಟುತ್ತದೆ. ಹೆದ್ದಾರಿ 48ರಲ್ಲಿ ಒಂದು ಬಸ್ ಅಪಘಾತ ಆಗಿದೆ ಅಂದುಕೊಳ್ಳಿ. ಖಚಿತವಾಗಿ ಗೊತ್ತಿರುವುದನ್ನು ಯಾರು ಹೇಳಿದರು ಎಂಬುದರ ಜೊತೆ ಹೇಳಿ. ಆಮೇಲೆ, "ಚಾಲಕ ನಿದ್ದೆಗೆ ಜಾರಿದ್ದನೇ ಎಂಬುದನ್ನು ಪೊಲೀಸರು ಇನ್ನೂ ಖಚಿತಪಡಿಸಿಲ್ಲ" ಎಂದು ಗೊತ್ತಿಲ್ಲದ್ದನ್ನೂ ನೇರವಾಗಿ ಹೇಳಿ. ಸತ್ತವರ ಹೆಸರು ಅವರ ಮನೆಯವರಿಗೆ ಪೊಲೀಸರಿಂದ ತಿಳಿಯುವ ಮೊದಲು ಟಿವಿಯಿಂದ ತಿಳಿಯಬಾರದು. ಆಸ್ಪತ್ರೆಯಲ್ಲಿ ಅಳುತ್ತಿರುವ ತಾಯಿಯ ಮುಂದೆ ಮೈಕ್ ಹಿಡಿದು 'ಏನನ್ನಿಸುತ್ತಿದೆ' ಎಂದು ಕೇಳುವುದನ್ನು ಯಾವ ಸಂಪಾದಕರು ಹೇಳಿದರೂ ಮಾಡಬೇಡಿ.

ಚಿಕ್ಕ ಊರಿನಲ್ಲಿ ಗುರುತು

ಇದು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ಕ್ಕೆ ಮೊದಲು ಇದು ಐಪಿಸಿಯ 228ಎ ಕಲಂ ಆಗಿತ್ತು. ಮಕ್ಕಳ ಪ್ರಕರಣದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ತಪ್ಪು ಮಾಡಿದ್ದಾರೆ ಎಂಬ ಆರೋಪ ಇರುವ ಮಕ್ಕಳ ಗುರುತನ್ನೂ ಕೊಡುವಂತಿಲ್ಲ. ಪತ್ರಿಕೆ, ರೇಡಿಯೋ, ಟಿವಿ, ಯೂಟ್ಯೂಬ್ ಚಾನೆಲ್ ಎಲ್ಲಕ್ಕೂ ಇದು ಅನ್ವಯ.

ಹೆಸರು ಬಿಟ್ಟರೆ ಆಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಆದರೆ ಪರೋಕ್ಷವಾಗಿಯೂ ಗುರುತು ಸಿಗುವಂಥ ವಿವರ ಇರಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬೆಂಗಳೂರಿನಲ್ಲಿ 'ಒಂದು ಖಾಸಗಿ ಶಾಲೆಯ ಒಂಬತ್ತನೇ ತರಗತಿ ವಿದ್ಯಾರ್ಥಿನಿ' ಎಂದರೆ ಯಾರೆಂದು ಗೊತ್ತಾಗುವುದಿಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಬರೆದು, 'ಅಂಗನವಾಡಿ ಕಾರ್ಯಕರ್ತೆಯ ಮಗಳು' ಎಂದರೆ ಇಡೀ ಊರಿಗೆ ಗೊತ್ತಾಯಿತು. ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರು ಹಾಕುವುದೂ ಹುಡುಗಿಯ ಗುರುತು ಕೊಟ್ಟ ಹಾಗೆಯೇ. ಇಂಥ ಸುದ್ದಿ ಬರೆದ ಮೇಲೆ ಆ ಹಳ್ಳಿಯ ಟೀ ಅಂಗಡಿಯಲ್ಲಿ ಕೂತವರೊಬ್ಬರು ಇದನ್ನು ಓದಿದರೆ ಯಾರ ಮನೆ ಎಂದು ಹೇಳಬಲ್ಲರಾ ಎಂದು ಯೋಚಿಸಿ. ಹೇಳಬಲ್ಲರು ಎಂದಾದರೆ ಇನ್ನೊಂದು ವಿವರ ತೆಗೆಯಿರಿ. ಹಳ್ಳಿಯ ಹೆಸರು ಹೋಗಲಿ, ತಾಲ್ಲೂಕು ಸಾಕು. ಕೆಲವೊಮ್ಮೆ ಅದೂ ಬೇಡ.

ಕಲಿಯುವುದು ಎಲ್ಲಿ

ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ. ಚಿತ್ರದುರ್ಗದಲ್ಲಿ ಆಕಾಶವಾಣಿ ಎಫ್‌ಎಂ ಕೇಂದ್ರ ಇದೆ. 'ಜನತಾವಾಣಿ'ಯಂಥ ದಾವಣಗೆರೆಯದೇ ದಿನಪತ್ರಿಕೆಗಳಿವೆ. ಡಿಗ್ರಿ ಮಾಡುವವರು ಮಾಡಲಿ, ಆದರೆ ಪಾಲಿಕೆಯ ಒಂದು ಸಾಮಾನ್ಯ ಸಭೆ, ಎಪಿಎಂಸಿಯ ಒಂದು ಹರಾಜು, ಕೋರ್ಟಿನ ಒಂದು ದಿನ ಕೂತು ನೋಡಿ ಬರೆಯುವುದು ಯಾವ ಪಠ್ಯದಲ್ಲೂ ಸಿಗದ ಪಾಠ. ಸ್ಥಳೀಯ ಪತ್ರಿಕೆಗಳಲ್ಲಿ ಕೆಲಸ ಮಾಡುವುದು ಸಣ್ಣದು ಎಂದು ತಿಳಿಯಬೇಡಿ. ಅಲ್ಲಿ ಒಬ್ಬರೇ ವರದಿ ಬರೆದು, ತಿದ್ದಿ, ಹೆಡ್ಡಿಂಗ್ ಕೊಟ್ಟು, ಪುಟ ಕಟ್ಟುವುದನ್ನೂ ನೋಡುತ್ತೀರಿ. ತಪ್ಪು ಬರೆದರೆ ಬೆಳಿಗ್ಗೆ ಎಂಟಕ್ಕೆ ಓದುಗರೇ ಫೋನ್ ಮಾಡುತ್ತಾರೆ.

ಮನೆಯಲ್ಲೇ ಮಾಡುವ ಅಭ್ಯಾಸ ಒಂದು ಹೇಳುತ್ತೇನೆ. ಇವತ್ತಿನ ಪತ್ರಿಕೆಯ ಜಿಲ್ಲಾ ಪುಟದಿಂದ ಒಂದು ಸುದ್ದಿ ಆರಿಸಿಕೊಳ್ಳಿ. ಅದನ್ನು ಅರ್ಧ ನಿಮಿಷದ ರೇಡಿಯೋ ಸುದ್ದಿಯಾಗಿ ಬರೆಯಿರಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಆ ಸುದ್ದಿ ಗೊತ್ತಿಲ್ಲದ ಮನೆಯವರೊಬ್ಬರಿಗೆ, ಅವರು ಅಡುಗೆ ಮಾಡುತ್ತಿರುವಾಗಲೋ ಬಟ್ಟೆ ಮಡಿಸುತ್ತಿರುವಾಗಲೋ, ಒಂದೇ ಸಲ ಕೇಳಿಸಿ. ಆಮೇಲೆ ಏನಾಯಿತು, ಎಲ್ಲಿ, ಯಾರು ಹೇಳಿದರು ಎಂದು ಕೇಳಿ. ಅವರು ತಡವರಿಸಿದ ಜಾಗ ಯಾವುದೋ ಗುರುತು ಹಾಕಿಕೊಂಡು, ಆ ವಾಕ್ಯವನ್ನು ಎರಡಾಗಿ ಒಡೆದು, ಇನ್ನೊಬ್ಬರಿಗೆ ಕೇಳಿಸಿ.